ನಾಲ್ಕೂವರೆ ಇಂಚಿನ ಗೋಡೆ ಮತ್ತು ಮಾಸ್ತರರ ಟಿ.ವಿ.

೨೦೨೪ರ ಜನವರಿ. ಆಗ ನಾನು ಪುಣೆಯ ವಿಮಾನ ನಗರದಲ್ಲಿದ್ದ ಒಂದು ಟಿ.ವಿ. ಸರ್ವಿಸ್ ಸೆಂಟರಿನಲ್ಲಿ ಸೀನಿಯರ್ ಟೆಕ್ನಿಷಿಯನ್. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಹುದ್ದೆಯ ಹೆಸರು ದೊಡ್ಡದು, ಕೆಲಸ ಮಾತ್ರ ಇಷ್ಟೇ: ಜನ ಕೊಂಡ ಟಿ.ವಿ.ಯನ್ನು ಅವರ ಮನೆಯ ಗೋಡೆಗೆ ಕೂರಿಸುವುದು, ಚಾನೆಲ್ ಹಚ್ಚಿ ತೋರಿಸುವುದು, ಕೊಟ್ಟರೆ ಚಹಾ ಕುಡಿದು ಬರುವುದು.

ನಾನು ಮೂಲತಃ ಬೈಲಹೊಂಗಲದವನು. ಐ.ಟಿ.ಐ. ಮುಗಿಸಿ, ತಗಡಿನ ಟ್ರಂಕು ಹಿಡಿದು ಪುಣೆಯ ಸ್ವಾರಗೇಟಿನಲ್ಲಿ ಬಸ್ಸಿಳಿದ ಕಾಲಕ್ಕೆ ಟಿ.ವಿ. ಎಂದರೆ ನಾಲ್ಕು ಕಾಲಿನ ಮೇಲೆ ನಿಂತ ಮರದ ಪೆಟ್ಟಿಗೆ. ಅದನ್ನು ಗೋಡೆಗೆ ತೂಗುಹಾಕುತ್ತೇನೆ ಎಂದಿದ್ದರೆ ನನ್ನ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಆಗ ನಮ್ಮ ಕೆಲಸವೆಲ್ಲ ಮಾಳಿಗೆಯ ಮೇಲೆ. ನಾನು ಬಿಸಿಲಲ್ಲಿ ನಿಂತು ಆಂಟೆನಾ ತಿರುಗಿಸುವುದು, ಕೆಳಗಿನಿಂದ ಮನೆಮಂದಿಯೆಲ್ಲ ಮರಾಠಿಯಲ್ಲಿ "ಆಲಾ, ಆಲಾ... ಗೇಲಾ!" ಎಂದು ಕೂಗುವುದು. ಬಂತು, ಬಂತು, ಹೋಯಿತು! ಕೊನೆಗೆ ಚಿತ್ರ ನಿಂತಿತೆಂದರೆ ಅಕ್ಕಪಕ್ಕದ ಮನೆಯವರೂ ಬಂದು ಚಾಪೆ ಹಾಸುತ್ತಿದ್ದರು. ನನಗೆ ಮೊದಲ ಚಹಾ. ಆ ಮರ್ಯಾದೆ ಈಗ ಡಾಕ್ಟರಿಗೂ ಸಿಗುವುದಿಲ್ಲ ಬಿಡಿ.

ಚಪ್ಪಟೆ ಟಿ.ವಿ. ಬಂದ ಮೇಲೆ ನಾವೆಲ್ಲ ಮಾಳಿಗೆಯಿಂದ ಇಳಿದು ಗೋಡೆಗೆ ಬಂದೆವು. ಟಿ.ವಿ. ಕಲಿತಿದ್ದೆ, ಇನ್ನು ಗೋಡೆ ಕಲಿಯಬೇಕಾಯಿತು. ಈಗಿನವರಿಗೆ ಇದು ಹತ್ತು ನಿಮಿಷದ ಕೆಲಸ. ಮೊಬೈಲಿನಲ್ಲಿ ಒಂದು ವಿಡಿಯೋ ನೋಡುತ್ತಾರೆ, ಡ್ರಿಲ್ ಹಿಡಿಯುತ್ತಾರೆ, ಗುರ್ರ್ ಎನ್ನಿಸುತ್ತಾರೆ. ಗೋಡೆಯ ಒಳಗೆ ಏನಿದೆ ಎಂದು ಕೇಳಿದರೆ "ಗೋಡೆಯೇ ಇರುತ್ತದಲ್ಲ ಅಂಕಲ್" ಎನ್ನುತ್ತಾರೆ. ನನಗೆ ಪಿತ್ತ ನೆತ್ತಿಗೇರುತ್ತದೆ.

ಸಂಕ್ರಾಂತಿ ಆಗಿ ಎರಡು ದಿನವಾಗಿತ್ತು. ದೇಹೂ ರೋಡಿನಿಂದ ಒಂದು ಕಾಲ್ ಬಂತು. ನಲವತ್ಮೂರು ಇಂಚಿನ ಟಿ.ವಿ., ಇಟ್ಟಿಗೆ ಗೋಡೆ, ಇವತ್ತೇ ಆಗಬೇಕು. ಹೋಗಿ ನೋಡಿದರೆ ಹಳೆಯ ಸಾಲುಮನೆಗಳು, ಮೇಲೆ ತಗಡಿನ ಛಾವಣಿ. ನಮಗೆ ಬೇಕಾದದ್ದು ಸಾಲಿನ ಕೊನೆಯ ಮನೆ. ಬಾಗಿಲು ತೆರೆದ ಹೆಂಗಸು ನನ್ನ ಮರಾಠಿಯನ್ನು ಎರಡು ಮಾತು ಕೇಳಿದವರೇ ಹುಬ್ಬೇರಿಸಿದರು.

"ನಮ್ಮ ಕಡೆಯವ್ರೇನ್ರಿ ನೀವು?"

"ಹೌದ್ರಿ. ಬೈಲಹೊಂಗಲ."

"ಅಯ್ಯ ನಮ್ಮವ್ವಾ! ನಾವು ಸವದತ್ತಿ ಕಡೆಯವ್ರ್ರಿ. ಬರ್ರಿ, ಬರ್ರಿ, ಒಳಗ ಬರ್ರಿ."

ಅವರ ಹೆಸರು ಶಕುಂತಲಾ. ನಾನು ವೈನಿ, ಅಂದರೆ ಅತ್ತಿಗೆ, ಎಂದು ಕರೆದೆ, ಅವರು ನನ್ನನ್ನು ಅಣ್ಣಾರ ಎಂದರು. ನಮ್ಮ ಕಡೆ ಸಂಬಂಧ ಹಚ್ಚಲು ಅಷ್ಟು ಸಾಕು. ಒಳಗೆ ಮಂಚದ ಮೇಲೆ ಅವರ ಯಜಮಾನರು, ಗುರುನಾಥ ಮಾಸ್ತರರು. ಶಾಲೆಯೊಂದರಲ್ಲಿ ಪಿ.ಟಿ. ಮಾಸ್ತರರಾಗಿ ನಿವೃತ್ತರಾದವರು, ಜೀವನವಿಡೀ ಹುಡುಗರಿಗೆ ಕಬಡ್ಡಿ ಕಲಿಸಿದವರು. ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೇಲಿನ ಎಲುಬು ಮುರಿದಿತ್ತು. ಹೃದಯ ಅಶಕ್ತ, ಆಪರೇಷನ್ ಬೇಡವೆಂದಿದ್ದರು ಡಾಕ್ಟರು. ಹೀಗಾಗಿ ಕಾಲಿಗೆ ತೂಕ ಕಟ್ಟಿ, ಮಂಚದ ಕಾಲಕಡೆಯ ಕಬ್ಬಿಣದ ಚೌಕಟ್ಟಿನಿಂದ ಇಳಿಬಿಟ್ಟಿದ್ದರು. ಅಂಗಾತ ಮಲಗಿರಬೇಕು, ಕತ್ತು ಎತ್ತುವ ಹಾಗಿಲ್ಲ.

"ಇನ್ನ ಮೈದಾನದ ಆಶಾ ಬಿಡ್ರಿ ಅಂತ ಡಾಕ್ಟರ್ ಅಂದ್ರು ನೋಡ್ರಿ, ಅವತ್ತಿಂದ ಹಿಂಗ," ಎಂದರು ವೈನಿ, ದನಿ ತಗ್ಗಿಸಿ. "ಮಾತಿಲ್ಲ, ಕತಿ ಇಲ್ಲ. ಗಂಜಿ ಹಿಡದ್ರ ಮಾರಿ ಹೊಳ್ಳಸ್ತಾರ. ಎಲುಬು ಕೂಡತಾವಂತ, ಆದ್ರ ಹೊಟ್ಟಿಗಿ ತಿನ್ನದಿದ್ರ ಮನಶಾ ಉಳೀಬೇಕಲ್ಲರಿ, ಅಣ್ಣಾರ?"

ಟಿ.ವಿ.ಯನ್ನು ಕಳಿಸಿದವರು ಮಾಸ್ತರರ ಹಳೆಯ ವಿದ್ಯಾರ್ಥಿಗಳು. ಅವರಲ್ಲೊಬ್ಬ, ಸಂತೋಷ ಎಂಬುವನು, ದೊಡ್ಡ ಕಬಡ್ಡಿ ತಂಡಕ್ಕೆ ಆಯ್ಕೆಯಾಗಿದ್ದ. ಅವನ ಮೊದಲ ಪಂದ್ಯ ಆ ಸಂಜೆಯೇ ಟಿ.ವಿ.ಯಲ್ಲಿ ಬರುವುದಿತ್ತು. ಅದನ್ನಾದರೂ ನೋಡಿದರೆ ಜೀವಕ್ಕೆ ಸ್ವಲ್ಪ ಹುರುಪು ಬಂದೀತು, ನಾಲ್ಕು ತುತ್ತು ಒಳಗೆ ಹೋದೀತು ಎಂಬುದು ವೈನಿಯ ಆಸೆ. ಟಿ.ವಿ.ಯನ್ನು ಸ್ಟೂಲಿನ ಮೇಲೆ ಇಟ್ಟು ನೋಡಿದ್ದರಂತೆ. ಮಲಗಿದವರಿಗೆ ಚೌಕಟ್ಟು, ರಜಾಯಿ, ಅಷ್ಟೇ ಕಾಣುತ್ತದೆ. ಅದು ಎತ್ತರದಲ್ಲಿ, ಎದುರುಗೋಡೆಯ ಮೇಲೆ, ಕೆಳಕ್ಕೆ ಬಾಗಿ ನಿಲ್ಲಬೇಕು.

ನಾನು ಚೀಲ ಬಿಚ್ಚುವಾಗ ಮಾಸ್ತರರು ಕಣ್ಣು ತೆರೆಯದೆಯೇ ಹೇಳಿದರು: "ಯಾಕ ತ್ರಾಸ ತಗೋತೀರಿ? ತಿರುಗಿ ಒಯ್ರಿ ಅದನ್ನ." ಅವರಿಂದ ನಾನು ಕೇಳಿದ ಮೊದಲ ಮಾತು ಅದು.

ಮಂಚದ ತಲೆಕಡೆ ದಕ್ಷಿಣ, ಕಾಲಕಡೆ ಉತ್ತರ. ಟಿ.ವಿ. ಬರಬೇಕಾದದ್ದು ಉತ್ತರದ ಗೋಡೆಗೆ. ಬೆರಳಗಂಟಿನಿಂದ ಬಡಿದೆ. ಒಳ್ಳೆಯ ಗೋಡೆ ಬಡಿದ ಕೈಗೇ ನೋವು ಕೊಡುತ್ತದೆ, ಇದು ಡೊಳ್ಳಿನ ಹಾಗೆ ಮಾತಾಡಿತು. ಕೆಳಗೆ ಮೂಲೆಯಲ್ಲಿ ಒಂದು ಸಣ್ಣ ಪರೀಕ್ಷೆಯ ತೂತು ಹಾಕಿದೆ. ಡ್ರಿಲ್ ಹಾಕುವಾಗ ಉದುರುವ ಪುಡಿಯೇ ಗೋಡೆಯ ಜಾತಕ. ಮೊದಲು ಬೂದುಬಣ್ಣದ ಗಿಲಾವಿನ ಪುಡಿ, ಆಮೇಲೆ ಇಟ್ಟಿಗೆಯ ಕೆಂಪು, ಸರಿ. ಅಷ್ಟರಲ್ಲಿ ಡ್ರಿಲ್ಲಿನ ಬಿಟ್ ಜಾರಿ ಕಂದುಬಣ್ಣದ ಮಣ್ಣು ಉದುರತೊಡಗಿತು. ಇಟ್ಟಿಗೆ ಕಟ್ಟಿದ್ದು ಸಿಮೆಂಟಿನಿಂದಲ್ಲ, ಕೆಸರಿನಿಂದ. ಅದೂ ನಾಲ್ಕೂವರೆ ಇಂಚಿನ ಗೋಡೆ, ಅಂದರೆ ದಪ್ಪಕ್ಕೆ ಒಂದೇ ಇಟ್ಟಿಗೆ, ಉದ್ದಕ್ಕೆ ಇಟ್ಟು ಕಟ್ಟಿದ್ದು. ಎರಡು ಮನೆಗಳ ನಡುವೆ ಇದ್ದದ್ದು ಅದೊಂದೇ.

ಟಿ.ವಿ. ಕೂರಿಸಲು ನಾವು ಬಳಸುವುದು ಆ್ಯಂಕರ್ ಬೋಲ್ಟ್. ತೂತಿನೊಳಗೆ ಹಾಕಿ ಬಿಗಿ ಮಾಡಿದಂತೆ ಅದು ಒಳಗೆ ಅರಳಿಕೊಂಡು ಇಟ್ಟಿಗೆಯನ್ನು ಒತ್ತಿ ಹಿಡಿಯುತ್ತದೆ. ಗಟ್ಟಿ ಗೋಡೆಯಾದರೆ ಕೈಯಿಂದ ಎಳೆದರೂ ಜಪ್ಪಯ್ಯ ಎನ್ನುವುದಿಲ್ಲ. ಇಟ್ಟಿಗೆಯೇ ಮಣ್ಣಿನಲ್ಲಿ ಸಡಿಲ ಕೂತಿದ್ದರೆ, ಅರಳಿದ ಬೋಲ್ಟು ಅದನ್ನೇ ಸೀಳುತ್ತದೆ. ಟಿ.ವಿ. ಒಂಬತ್ತು ಕಿಲೋ ಇರಬಹುದು. ಆದರೆ ಕೆಳಕ್ಕೆ ಬಾಗುವ ಬ್ರಾಕೆಟ್ಟು ಅದನ್ನು ಗೋಡೆಯಿಂದ ಮುಂದಕ್ಕೆ ಚಾಚಿ ಹಿಡಿಯುತ್ತದೆ, ಮೇಲಿನ ಬೋಲ್ಟುಗಳನ್ನು ಹಗಲೂ ರಾತ್ರಿ ಜಗ್ಗುತ್ತಲೇ ಇರುತ್ತದೆ. ಬಿದ್ದರೆ ಎಲ್ಲಿ ಬೀಳುತ್ತದೆ? ಮಾಸ್ತರರ ಮುರಿದ ಕಾಲಿನ ಮೇಲೆ.

"ಈ ಗ್ವಾಡಿ ಆಗಂಗಿಲ್ರಿ ವೈನಿ," ಎಂದೆ. ದಕ್ಷಿಣದ ಗೋಡೆ ಹೊರಗೋಡೆ, ಒಂಬತ್ತು ಇಂಚು, ಬಡಿದು ನೋಡಿದರೆ ಕಲ್ಲು. "ಮಂಚಾ ಹೊಳ್ಳಸೋಣು. ಅರ್ಧಾ ತಾಸಿನ ಕೆಲಸ."

ವೈನಿ ಎರಡು ಹೆಜ್ಜೆ ಹಿಂದೆ ಸರಿದರು. "ಏನಂದ್ರಿ? ಉತ್ತರಕ್ಕ ತಲಿ ಹಾಕಸೂದಾ? ಹಾಸಗಿ ಹಿಡದ ಮನಶಾಗ? ಆ ಪಂದ್ಯ ನೋಡಲಿಕ್ಕರ ಅವರು ಜೀವಂತ ಇರೂದು ಬ್ಯಾಡೇನು?" ನಿನ್ನೆ ಟಿ.ವಿ. ತಂದುಕೊಟ್ಟ ಹುಡುಗರೂ ಇದನ್ನೇ ಹೇಳಿ ಮಂಚ ತಿರುಗಿಸಿಬಿಟ್ಟಿದ್ದರಂತೆ. ವೈನಿ ಅವರನ್ನು ಬೈದು ಮತ್ತೆ ಇದ್ದ ಹಾಗೇ ಹಾಕಿಸಿದ್ದರು. ನಾನು ವಾದಿಸಲಿಲ್ಲ. ನಮ್ಮ ಮನೆಯಲ್ಲೂ ಯಾರೂ ಉತ್ತರಕ್ಕೆ ತಲೆ ಹಾಕುವುದಿಲ್ಲ. ನಂಬಿಕೆಯೋ ರೂಢಿಯೋ, ಸತ್ಯ ಹೇಳುತ್ತೇನೆ, ನನ್ನ ಹೆಂಡತಿ ಹಾಸಿಗೆ ಹಿಡಿದಿದ್ದರೆ ನಾನೂ ಹಾಗೆ ಮಲಗಿಸುತ್ತಿರಲಿಲ್ಲ. ಮಂಚವನ್ನು ಅಡ್ಡ ಹಾಕೋಣವೆಂದರೆ ಅಡಿಗೆಮನೆಯ ಬಾಗಿಲು ಮುಚ್ಚಿಹೋಗುತ್ತದೆ, ಕೋಣೆ ಅಷ್ಟು ಇಕ್ಕಟ್ಟು.

ಉಳಿದದ್ದು ಒಂದೇ ದಾರಿ. ಗೋಡೆಯನ್ನು ಆರಪಾರ ಕೊರೆದು, ಮೈಗೆಲ್ಲ ತಿರುಪಿನ ಗೆರೆಯಿರುವ ಉದ್ದನೆಯ ಥ್ರೆಡ್ ರಾಡುಗಳನ್ನು ತೂರಿಸಿ, ಆಚೆ ಕಡೆ ಕಬ್ಬಿಣದ ಪಟ್ಟಿ ಇಟ್ಟು ನಟ್ಟು ಬಿಗಿಯುವುದು. ಆಗ ಹಿಡಿತ ಒಂದು ಇಟ್ಟಿಗೆಯ ಮೇಲಲ್ಲ, ಪಟ್ಟಿಯ ಅಗಲದಷ್ಟು ಗೋಡೆಯ ಮೇಲೆ. ನಾಲ್ಕು ಸಲ ಮಾಡಿದ್ದ ಕೆಲಸ, ನಂಬಿಕೆ ಇತ್ತು. ಆದರೆ ಪಟ್ಟಿ ಬರುವುದು ಪಕ್ಕದ ಮನೆಯೊಳಗೆ.

"ಬಾಜೂ ಮನಿಯವ್ರನ್ನ ಒಂದ ಮಾತ ಕೇಳ್ರಿ."

ವೈನಿಯ ಮುಖ ಗಂಟಾಯಿತು. "ಆಕಿ ಹೊಸ್ತಲಾ ನಾ ತುಳಿಯಂಗಿಲ್ರಿ."

ಪಕ್ಕದ ಮನೆ ಜಾಧವ್ ಕಾಕೂ ಅವರದು; ಕಾಕೂ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಒಂದು ಕಾಲಕ್ಕೆ ಇಬ್ಬರೂ ಒಂದೇ ಜೀವ. ಒಬ್ಬರ ಮನೆಯ ಹುಳಿ ಇನ್ನೊಬ್ಬರ ಮನೆಗೆ ಹೋಗದೆ ಊಟವಿಲ್ಲ. ನಾಲ್ಕು ವರ್ಷದ ಹಿಂದೆ ಕಾಕೂ ಅವರ ಗಂಡ ತೀರಿಕೊಂಡರು. ಅವರ ಫೋಟೋ ಹಾಕಲೆಂದು ಕಾಕೂ ಈ ಗೋಡೆಗೆ ಮೊಳೆ ಹೊಡೆದರು. ಅಲ್ಲಿ ಹೊಡೆದ ಸುತ್ತಿಗೆಗೆ ಇಲ್ಲಿ ನಾಗಂದಿಗೆಯ ಮೇಲಿದ್ದ ಮಾವಿನ ಉಪ್ಪಿನಕಾಯಿಯ ಭರಣಿ ನೆಲಕ್ಕೆ ಬಿದ್ದು ಚೂರಾಯಿತು. ವೈನಿ ಓಡಿಹೋಗಿ ಬಾಯಿಗೆ ಬಂದದ್ದು ಅಂದರು. ಗಂಡ ಸತ್ತ ಮನೆ ಎಂದೂ ನೋಡಲಿಲ್ಲ. ಕಾಕೂ ಸುಮ್ಮನೆ ಬಾಗಿಲು ಹಾಕಿಕೊಂಡರು. ಅಂದಿನಿಂದ ನೀರು, ನೆರಳು, ಮಾತು ಎಲ್ಲ ಬಂದ್.

ಸರಿ, ನಾನೇ ಹೋದೆ. ಕಾಕೂ ಹೊಲಿಗೆ ಮಷೀನಿನ ಮುಂದೆ ಕೂತಿದ್ದರು. ಮರಾಠಿಯಲ್ಲಿ ಎಲ್ಲ ವಿವರಿಸಿದೆ. ಅವರು ದಾರ ಕಡಿದು, ಕನ್ನಡಕ ತೆಗೆದು ಹೇಳಿದ್ದಿಷ್ಟು: "ಮಾಸ್ತರರಿಗಾಗಿ ಆದರೆ ಗೋಡೆಯನ್ನೇ ಕೆಡವಿರಿ, ಬೇಡ ಅನ್ನುವುದಿಲ್ಲ. ಆದರೆ ಕೇಳಬೇಕಾದವಳು ಬಂದು ಕೇಳಲಿ." ಮತ್ತೆ ಮಷೀನು ಶುರುವಾಯಿತು.

ಬಂದು ವೈನಿಗೆ ಹೇಳಿದೆ. "ಕಾರ್ಯವಾಸಿ ಕತ್ತೆಕಾಲು ಹಿಡಿ ಅಂತಾರಲ್ರಿ ವೈನಿ, ಹೋಗಿ ಬರ್ರಿ," ಎಂದು ನಗಿಸಲು ನೋಡಿದೆ.

"ಕತ್ತಿ ಕಾಲಾಗಿದ್ರ ಯಾವಾಗೋ ಹಿಡೀತಿದ್ನಿ," ಎಂದರು ವೈನಿ. ನಗಲಿಲ್ಲ.

"ನೋಡ್ರಿ, ಮಂಚಾ ಹೊಳ್ಳಸೂದಿಲ್ಲಂತೀರಿ, ಆ ಮನಿಗಿ ಹೋಗೂದಿಲ್ಲಂತೀರಿ. ಎರಡೂ ಹಟಾ ಹಿಡದ್ರ ನಾ ಚೀಲಾ ಕಟ್ಟಬೇಕಾಗತದ." ಸಿಟ್ಟಿನಿಂದಲೇ ಅಂದೆ. ಆ ಸಿಟ್ಟು ಅವರ ಮೇಲಿನದಲ್ಲ, ಆ ಮಣ್ಣಿನ ಗೋಡೆಯ ಮೇಲಿನದು.

ವೈನಿ ಅಡಿಗೆಮನೆಗೆ ಹೋದರು. ಗಂಜಿಯ ಬಟ್ಟಲು ತಂದು ಮಂಚದ ಬಳಿ ಕೂತರು. "ಒಂದ ಚಮಚಾ ರೀ, ನನ್ನಾಣಿ," ಎಂದರು. ಮಾಸ್ತರರು ಮುಖ ಹೊರಳಿಸಿದರು. ಗಂಜಿ ಗಲ್ಲದ ಮೇಲೆ ಇಳಿಯಿತು. ವೈನಿ ಅದನ್ನು ಸೆರಗಿನಿಂದ ಒರೆಸಿ, ಬಟ್ಟಲು ಮುಚ್ಚಿಟ್ಟು, ಎದ್ದು ದೇವರ ಮುಂದಿದ್ದ ಡಬ್ಬಿಯಿಂದ ಒಂದು ವಾಟಿಗೆ ಕುಸುರೆಳ್ಳು ತುಂಬಿಕೊಂಡರು. ಎಳ್ಳಿಗೆ ಸಕ್ಕರೆಯ ಮುಳ್ಳು ಬರಿಸಿದ ಸಂಕ್ರಾಂತಿಯ ಕುಸುರೆಳ್ಳು. "ನಡ್ರಿ ಅಣ್ಣಾರ, ನೀವೂ ಬರ್ರಿ. ಒಬ್ಬಾಕಿ ಹೋದ್ರ ಹೊಳ್ಳಿ ಬಂದ ಬಿಟ್ಟೇನು," ಎಂದರು.

ಕಾಕೂ ಬಾಗಿಲಲ್ಲೇ ನಿಂತರು. ಇಬ್ಬರೂ ಮರಾಠಿಯಲ್ಲೇ ಮಾತಾಡಿದ್ದು, ನಾನು ನಮ್ಮ ಮಾತಿಗೆ ತಂದು ಬರೆಯುತ್ತಿದ್ದೇನೆ. ವೈನಿ ವಾಟಿ ಮುಂದೆ ಚಾಚಿ, ಹಬ್ಬದಲ್ಲಿ ಎಲ್ಲರೂ ಅನ್ನುವ ಹಾಗೆ, "ಎಳ್ಳು ತಗೊಳ್ಳಿ, ಸಿಹಿ ಮಾತಾಡಿ" ಎಂದರು.

ಕಾಕೂ ವಾಟಿಯನ್ನು ಮುಟ್ಟಲಿಲ್ಲ. "ಎಳ್ಳು ಊರಿಗೆಲ್ಲ ಕೊಡುತ್ತಾರೆ. ನಾಲ್ಕು ಸಂಕ್ರಾಂತಿ ಆಯಿತು, ಸಾಲಿನ ಹೆಂಗಸರನ್ನೆಲ್ಲ ನೀನು ಅರಿಸಿನ ಕುಂಕುಮಕ್ಕೆ ಕರೆದೆ. ನನ್ನ ಬಾಗಿಲಷ್ಟೇ ಬಿಟ್ಟೆ. ಗಂಡ ಸತ್ತವಳನ್ನು ಕರೆಯಬಾರದೆಂದು ನೀನೂ ಅಂದುಕೊಂಡೆಯಲ್ಲ ಶಕುಂತಲಾ. ಉಳಿದವರು ಅಂದುಕೊಂಡರೆ ಅಂದುಕೊಳ್ಳಲಿ. ನೀನು?"

ವೈನಿ ಒಂದು ಹೆಜ್ಜೆ ಮುಂದೆ ಬಂದರು. "ದೇವರಾಣೆ ಇಲ್ಲ ಕಾಕೂ! ಅದು ಭರಣಿಯ ಸಿಟ್ಟು! ಕರೆದರೆ ನೀವು ಬರುತ್ತೀರಿ, ಬಂದರೆ ನಾನು ಸೋತ ಹಾಗೆ ಅಂತ ಕರೆಯಲಿಲ್ಲ."

"ಇನ್ನೂ ಆ ಭರಣಿಯದೇ?"

"ಮಾವಿನಕಾಯಿದು."

ಕಾಕೂ ನನ್ನ ಮುಖ ನೋಡಿದರು, ವೈನಿಯ ಮುಖ ನೋಡಿದರು. "ನಾಲ್ಕು ವರ್ಷ ನಾನು ಅತ್ತದ್ದು ಒಂದು ಉಪ್ಪಿನಕಾಯಿಗೇನೇ, ಹುಚ್ಚಿ!" ಎಂದವರೇ ವೈನಿಯ ಕೈ ಹಿಡಿದು ಒಳಗೆ ಎಳೆದುಕೊಂಡರು. ಕುಸುರೆಳ್ಳು ಅರ್ಧ ನೆಲಕ್ಕೆ ಚೆಲ್ಲಿತು. ಇಬ್ಬರೂ ಅಳುತ್ತಿದ್ದರು, ಅಳುತ್ತಲೇ ಬೈದಾಡುತ್ತಿದ್ದರು. ನಾನು ಕಣ್ಣೊರೆಸಿಕೊಂಡು ಗೋಡೆ ಅಳೆಯಲು ಹೋದೆ. ನನಗೆ ಬೇರೆ ಏನೂ ತೋಚಲಿಲ್ಲ.

ಪಟ್ಟಿ ಬರುವ ಜಾಗದಲ್ಲಿ ಕಾಕೂ ಅವರ ಮಸಾಲೆಯ ಡಬ್ಬಿಗಳ ಹಲಗೆ ಇತ್ತು. ಅವರೇ ಅದನ್ನು ಖಾಲಿ ಮಾಡಿದರು. ಗೋಡೆಯೊಳಗೆ ವೈರಿಂಗ್ ಹೋಗಿಲ್ಲವೆಂದು ಎರಡೂ ಕಡೆಯ ಸ್ವಿಚ್ ಬೋರ್ಡು ನೋಡಿ ಖಾತ್ರಿ ಮಾಡಿಕೊಂಡೆ. ಮೂಲೆಯ ವೆಲ್ಡಿಂಗ್ ಅಂಗಡಿಯಿಂದ ಎರಡು ಕಬ್ಬಿಣದ ಪಟ್ಟಿ ಕತ್ತರಿಸಿ ತಂದೆ, ಹಾರ್ಡ್‌ವೇರ್ ಅಂಗಡಿಯಿಂದ ಎಂಟು ಎಂ.ಎಂ. ದಪ್ಪದ ರಾಡು. ಧೂಳು ಬೀಳದಂತೆ ಮಾಸ್ತರರಿಗೆ ಏನಾದರೂ ಹೊದಿಸಿ ಎಂದರೆ ವೈನಿ ಎದೆಯವರೆಗೆ ಮಾತ್ರ ಹೊದಿಸಿದರು. "ಮಾರಿ ಮ್ಯಾಲೆ ಹಾಕಬಾರ್ದ್ರಿ," ಎಂದು ಹಳೆಯ ಸೀರೆಯೊಂದನ್ನು ಮಂಚಕ್ಕೂ ನನಗೂ ನಡುವೆ ಪರದೆಯ ಹಾಗೆ ಹಿಡಿದು ನಿಂತರು.

ಇಂಥ ಗೋಡೆಗೆ ಡ್ರಿಲ್ಲಿನ ಹ್ಯಾಮರ್ ಹಚ್ಚಬಾರದು. ಅದು ಬಡಿದು ಬಡಿದು ಪಕ್ಕದ ಇಟ್ಟಿಗೆಯನ್ನೂ ಅಲ್ಲಾಡಿಸುತ್ತದೆ. ಬರೇ ತಿರುಗುವ ಬಿಟ್, ಮೊದಲು ಸಣ್ಣದು, ಆಮೇಲೆ ದೊಡ್ಡದು, ಎರಡು ಇಟ್ಟಿಗೆ ಕೂಡುವ ಸಂದಿಯಲ್ಲಿ ಅಲ್ಲ, ಇಟ್ಟಿಗೆಯ ನಟ್ಟನಡುವೆ. ಬಿಟ್ ಆಚೆ ಯಾವಾಗ ಹೊರಬೀಳುತ್ತದೆಂದು ಈ ಕಡೆಯಿಂದ ಗೊತ್ತಾಗುವುದಿಲ್ಲ. ಹೀಗಾಗಿ ಕಾಕೂ ಆ ಕಡೆ ಗೋಡೆಗೆ ಕಣ್ಣಿಟ್ಟು ನಿಂತರು.

"ಬಂತೇನ್ರೀ?" ಎಂದು ವೈನಿ ಸೀರೆಯ ಹಿಂದಿನಿಂದ ಕೂಗುವುದು, "ಇನ್ನೂ ಇಲ್ಲ" ಎಂದು ಗೋಡೆಯ ಆಚೆಯಿಂದ ಕಾಕೂ. ಮತ್ತೆ ಸ್ವಲ್ಪ ಕೊರೆದೆ. "ಆಲಾ! ಆಲಾ!" ಎಂದು ಕಾಕೂ ಚಿಕ್ಕ ಹುಡುಗಿಯ ಹಾಗೆ ಕಿರುಚಿದರು. ನನ್ನ ಕೈಯಲ್ಲಿದ್ದ ಡ್ರಿಲ್ ನಿಂತೇ ಹೋಯಿತು. ಎಷ್ಟು ವರ್ಷವಾಗಿತ್ತು ಆ ಕೂಗು ಕೇಳಿ! ಬಿಸಿಲಿನ ಮಾಳಿಗೆಗಳು, ಕೆಳಗೆ ಚಾಪೆ ಹಾಸಿ ಕಾಯುತ್ತಿದ್ದ ಓಣಿಯ ಜನ, ನನ್ನ ಇಪ್ಪತ್ತೆರಡರ ವಯಸ್ಸು, ಎಲ್ಲ ಒಮ್ಮೆಲೇ ಎದೆಗೆ ನುಗ್ಗಿತು. ಆಗ ಒಂದು ಟಿ.ವಿ. ಹಚ್ಚಬೇಕಾದರೆ ಎಷ್ಟು ಜನ ಬೇಕಾಗುತ್ತಿದ್ದರು! ಆ ದಿನಗಳಿಗಾಗಿ ನಾನು ಎಷ್ಟು ಹಂಬಲಿಸುತ್ತಿದ್ದೆ ಎಂದು ಅವತ್ತು ತಿಳಿಯಿತು.

ನಾಲ್ಕೂ ರಾಡು ತೂರಿದವು. ಆ ಕಡೆ ಪಟ್ಟಿ, ವಾಷರ್, ನಟ್ಟು. ಈ ಕಡೆ ಬ್ರಾಕೆಟ್ಟು. ಬಿಗಿಯುವಾಗಲೂ ಅತಿ ಮಾಡಬಾರದು, ಗಿಲಾವು ಚಟಕ್ಕೆಂದರೆ ಕೈ ತೆಗೆಯಬೇಕು. ಟಿ.ವಿ. ಏರಿಸುವ ಮೊದಲು, ಮಂಚವನ್ನು ಅಲ್ಲಿಂದ ಸರಿಸಿ, ವೈನಿಯ ಜೋಳದ ಅರ್ಧಚೀಲವನ್ನು ಬ್ರಾಕೆಟ್ಟಿಗೆ ತೂಗುಹಾಕಿದೆ, ಎರಡು ಟಿ.ವಿ.ಗಳಿಗಿಂತಲೂ ಹೆಚ್ಚು ತೂಕ. ಚಹಾ ಕುಡಿದು, ಎರಡೂ ಮನೆಗೆ ಹೋಗಿ ಗೋಡೆಯನ್ನು ಅಂಗೈಯಿಂದ ಸವರಿ ನೋಡಿದೆ. ಬಿರುಕಿಲ್ಲ, ಅಲುಗಾಟವಿಲ್ಲ. ಆಮೇಲೆಯೇ ಟಿ.ವಿ. ಏರಿತು, ಮಂಚ ತನ್ನ ಜಾಗಕ್ಕೆ ಬಂತು.

ನನ್ನ ಕೆಲಸ ಮುಗಿದಿತ್ತು, ಆದರೆ ಹೋಗಲು ಮನಸ್ಸಾಗಲಿಲ್ಲ. ಪಂದ್ಯ ನೋಡಲು ವೈನಿ ಕಾಕೂ ಅವರನ್ನೂ ಕರೆದರು. "ಇವತ್ತು ಬೇಡ, ನನ್ನ ಕಂಡರೆ ಮಾಸ್ತರರು ಸಂಕೋಚಪಡುತ್ತಾರೆ. ಅವರು ಉಣ್ಣಲಿ ಮೊದಲು," ಎಂದು ಕಾಕೂ ಡಬ್ಬಿ ಜೋಡಿಸಲು ಹೋದರು.

ಪಂದ್ಯ ಶುರುವಾಯಿತು. ಮಾಸ್ತರರು ಕಣ್ಣು ಮುಚ್ಚಿಕೊಂಡೇ ಇದ್ದರು. ವೈನಿ ಗಂಜಿ ಬಿಸಿ ಮಾಡಿ ತಂದು, ಬಟ್ಟಲು ಹಿಡಿದು ಸುಮ್ಮನೆ ಕೂತರು. ಸಂತೋಷನ ಹೆಸರು ಕೇಳಿದಾಗ ಒಂದು ಕಣ್ಣು ತೆರೆಯಿತು. ಹುಡುಗ ರೇಡಿಗೆ ಹೋದ, ಸಿಕ್ಕಿಬಿದ್ದ. ಎರಡನೆಯ ಸಲ ಹೋದ, ಮತ್ತೆ ಸಿಕ್ಕಿಬಿದ್ದ. ಮಾಸ್ತರರ ಬೆರಳುಗಳು ರಜಾಯಿಯ ಅಂಚನ್ನು ಹಿಸುಕುತ್ತಿದ್ದವು. ಮೂರನೆಯ ಸಲ ಅವನು ಗೆರೆ ದಾಟುತ್ತಿದ್ದಂತೆ ಆ ಕೋಣೆಯ ತಗಡು ನಡುಗುವ ಹಾಗೆ ಒಂದು ದನಿ ಬಂತು:

"ಲೇ ಸಂತ್ಯಾ! ಕಣ್ಣೇನ ನೋಡ್ತೀಲೇ ಅವಂದು, ಕಾಲ ನೋಡ, ಕಾಲ!"

ವೈನಿಯ ಕೈಯಲ್ಲಿದ್ದ ಚಮಚ ಬಟ್ಟಲಿಗೆ ಬಿತ್ತು. ಗೋಡೆಯ ಆಚೆ ಡಬ್ಬಿಗಳ ಸದ್ದು ನಿಂತಿತು. ಹುಡುಗ ಒಬ್ಬನ ಕಾಲು ಮುಟ್ಟಿ ಗೆರೆಗೆ ಮರಳಿದ. ಮಾಸ್ತರರು ಉಸಿರು ಬಿಟ್ಟು, ಟಿ.ವಿ.ಯಿಂದ ಕಣ್ಣು ಕೀಳದೆ, "ಏನದ ಅದು, ಗಂಜೀ ಏನು? ತಾ ಇಲ್ಲೆ," ಎಂದರು. ವೈನಿ ಒಂದು ಚಮಚ ಇಟ್ಟರು. ಇನ್ನೊಂದು ಇಟ್ಟರು. ಅವರ ಕೆನ್ನೆ ತೋಯ್ದುಹೋಗಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಗೋಡೆಯ ಆಚೆಯಿಂದ ಮೆಲ್ಲಗೆ ದನಿ ಬಂತು, ಮರಾಠಿಯಲ್ಲಿ: "ಶಕುಂತಲಾ, ಮಾಸ್ತರ್ ಜೇವ್ಲೇ ಕಾ?" ಮಾಸ್ತರರು ಉಂಡರಾ?

"ಉಣ್ಣಾಕತ್ತಾರ್ರೀ ಕಾಕೂ," ಎಂದು ವೈನಿ ಗೋಡೆಗೇ ಹೇಳಿದರು, ಕನ್ನಡದಲ್ಲಿ. ಆಚೆಯವರಿಗೆ ತಿಳಿಯಿತು.

ಮಾಸ್ತರರು ಆಮೇಲೆ ವಾಕರ್ ಹಿಡಿದು ನಡೆದರೆಂದು ವೈನಿ ಫೋನಿನಲ್ಲಿ ಹೇಳಿದರು. ನಾನು ಮರುವರ್ಷ ನಿವೃತ್ತನಾದೆ. ಗೋಡೆ ಪರೀಕ್ಷಿಸು, ತೂಕ ನೋಡು, ಲೆವೆಲ್ ಹಿಡಿ ಎಂದೆಲ್ಲ ಕಂಪನಿಯ ಪುಸ್ತಕದಲ್ಲಿ ಬರೆದಿರುತ್ತದೆ. ಗೋಡೆಯ ಆಚೆ ಯಾರಿದ್ದಾರೆ, ಹೇಗಿದ್ದಾರೆ ಎಂದು ಕೇಳು ಅಂತ ಯಾರೂ ಬರೆದಿಲ್ಲ. ಉಳಿದ ಆ ಒಂದು ವರ್ಷ ನಾನು ಯಾವ ಮನೆಯಲ್ಲೂ ಪಕ್ಕದ ಮನೆಯ ಬಾಗಿಲು ತಟ್ಟದೆ ಡ್ರಿಲ್ ಹಿಡಿಯಲಿಲ್ಲ.